ಕಾದಂಬರಿ: ಮದಿರೆಯಿಂದ ಮಾಸಪತ್ರಿಕೆಗೆ

ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೆಸರು ಕೊಟ್ಟದ್ದು ಊರಂಚಿನ ಗೋಕುಲ ಗ್ರಾಮ. ಈಗ ಆ ದಾರಿಯುದ್ದಕ್ಕೂ ಹೊಸ ಬಸ್ ನಿಲ್ದಾಣ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಕಾರ್ಖಾನೆಗಳು, ಕೊನೆಗೆ ವಿಮಾನ ನಿಲ್ದಾಣ. ಬಸ್ಸು ಕಾಯುತ್ತ ಪುಸ್ತಕ ಬಿಡಿಸಿ ಕೂತವರನ್ನು ಏನು ಓದುತ್ತಿದ್ದೀರಿ ಎಂದು ಕೇಳಿದರೆ ‘ಕಾದಂಬ್ರಿ ಓದಾಕತ್ತೇನ್ರಿ’ ಎನ್ನುತ್ತಾರೆ. ಈ ಪದದ ಹುಟ್ಟೂ ಒಂದು ಗೋಕುಲದ ಕಥೆಗೇ ಅಂಟಿಕೊಂಡಿದೆ.

ಬಲರಾಮ ದ್ವಾರಕೆಯಿಂದ ಗೋಕುಲದ ತನ್ನ ಹಳೆಯ ಗೊಲ್ಲರನ್ನು ಕಾಣಲು ಬಂದಾಗ, ವರುಣನು ಮದ್ಯದ ದೇವತೆ ವಾರುಣಿಯನ್ನು ಅವನ ಸಲುವಾಗಿ ಕಳಿಸಿದನಂತೆ. ಆಕೆ ಬೃಂದಾವನದ ಕದಂಬ ಮರದ ಪೊಟರೆಯಲ್ಲಿ ನೆಲೆಸಿದಳು. ಕಂಪು ಹಿಡಿದು ಬಂದ ಬಲರಾಮ ಮನದಣಿಯೆ ಕುಡಿದ. ಇದು ವಿಷ್ಣುಪುರಾಣದ ಕಥೆ. ಅಮರಕೋಶ ಮದ್ಯದ ಹೆಸರುಗಳನ್ನು ಪೋಣಿಸುವಾಗ ‘ಹಲಿಪ್ರಿಯಾ’, ‘ವರುಣಾತ್ಮಜಾ’, ‘ಕಾದಂಬರೀ’ ಎಲ್ಲವನ್ನೂ ಒಟ್ಟಿಗೇ ಹೇಳಿಬಿಡುತ್ತದೆ: ಬಲರಾಮನಿಗೆ ಪ್ರಿಯವಾದದ್ದು, ವರುಣನ ಮಗಳು, ಕದಂಬದಿಂದ ಬಂದದ್ದು.

ಏಳನೆಯ ಶತಮಾನದಲ್ಲಿ, ಹರ್ಷನ ಆಶ್ರಯದಲ್ಲಿದ್ದ ಬಾಣಭಟ್ಟ ‘ಕಾದಂಬರೀ’ ಎಂಬ ಈ ಹೆಸರನ್ನು ತನ್ನ ಸಂಸ್ಕೃತ ಗದ್ಯಕೃತಿಗೂ ಅದರ ನಾಯಕಿಯಾದ ಗಂಧರ್ವ ಕನ್ಯೆಗೂ ಇಟ್ಟ. ಹಳೆಯ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಯಕಿಯ ತಾಯಿಗೆ ಅವನು ಇಟ್ಟ ಹೆಸರೇ ಮದಿರಾ. ಮದಿರೆಯ ಮಗಳು ಕಾದಂಬರಿ! ಗಿಳಿಯೊಂದು ಹೇಳುವ ಕಥೆ, ಅದರೊಳಗೆ ಋಷಿ ಹೇಳುವ ಕಥೆ, ಅದರೊಳಗೆ ಮಹಾಶ್ವೇತೆಯ ಅಳಲಿನ ಕಥೆ. ಕಿನ್ನರರ ಬೆನ್ನಟ್ಟಿ ದಾರಿ ತಪ್ಪುವ ರಾಜಕುಮಾರ, ಶಾಪ, ಸಾವು, ಮರುಹುಟ್ಟು. ಪ್ರೇಮವೂ ಸಾಹಸವೂ ಇಷ್ಟು ದಟ್ಟವಾಗಿ ಹೆಣೆದುಕೊಂಡ ಗದ್ಯ ಆಗ ಬೇರೊಂದಿರಲಿಲ್ಲವೆಂದೇ ನನ್ನ ಎಣಿಕೆ. ಬಾಣ ಅದನ್ನು ಮುಗಿಸದೆ ತೀರಿಕೊಂಡ. ಮುಗಿಸಿದವನು ಅವನ ಮಗ.

ಕನ್ನಡಕ್ಕೆ ಆ ಹುಡುಗಿ ಬೇಗನೆ ಬಂದಳು. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ‘ಕರ್ಣಾಟಕ ಕಾದಂಬರಿ’ಯನ್ನು ಚಂಪುವಿನಲ್ಲಿ ಬರೆದ. ಆದರೆ ಆಗಿನ್ನೂ ಅದು ಒಂದು ಕೃತಿಯ, ಒಬ್ಬಳ ಹೆಸರು. ಒಂದು ಜಾತಿಯ ಬರವಣಿಗೆಗೇ ಆ ಹೆಸರು ಅಂಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮರಾಠಿಯಲ್ಲಿ. ಇಂಗ್ಲಿಷಿನ ನಾವೆಲ್ಲಿಗೆ ಬಂಗಾಳಿ, ಹಿಂದಿಗಳು ‘ಉಪನ್ಯಾಸ’ ಎಂದವು. ತೆಲುಗು ‘ನವಲ’ ಎಂದಿತು. ಮರಾಠಿಗರು ಬಾಣನ ನಾಯಕಿಯನ್ನು ಕರೆದರು. ‘ಮುಕ್ತಾಮಾಲಾ’ದಂಥ (1861) ಅವರ ಮೊದಮೊದಲ ಅದ್ಭುತರಮ್ಯ ಕಥೆಗಳಿಗೆ ಅದು ಹೇಳಿ ಮಾಡಿಸಿದ ಹೆಸರು.

ಧಾರವಾಡ ಸೀಮೆ ಆಗ ಮುಂಬೈ ಇಲಾಖೆಗೆ ಸೇರಿದ್ದು, ಶಾಲೆ-ಕಚೇರಿಗಳಲ್ಲಿ ಮರಾಠಿಯ ಭಾರವಿತ್ತು. ಪದ ಆ ದಾರಿಯಲ್ಲೇ ಬಂತು. ಮೈಸೂರಿನಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರೂ ‘ಉಪನ್ಯಾಸ’ ಈ ಅರ್ಥದಲ್ಲಿ ಇಲ್ಲಿ ಬೇರೂರಲಿಲ್ಲ. ನಮ್ಮಲ್ಲಿ ಉಪನ್ಯಾಸವೆಂದರೆ ವೇದಿಕೆಯ ಮಾತು. ಮರಾಠಿಯ ಋಣ ನಿಜ, ಆದರೆ ಪದವನ್ನೇ ಎರವಲು ಎಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ನಾಗವರ್ಮನಿಂದಲೇ ನಮ್ಮದಾಗಿದ್ದ ಹೆಸರು ಹೊಸ ಕೆಲಸ ಕಲಿತು ಮನೆಗೆ ಮರಳಿತು.

ಅದನ್ನು ಮನೆಮನೆಯ ಮಾತಾಗಿಸಿದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಅವರ ನಿಜ ಹೆಸರು, ವೃತ್ತಿ ಶಾಲಾ ಮಾಸ್ತರಿಕೆ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಅವರ ‘ಪ್ರಬುದ್ಧ ಪದ್ಮನಯನೆ’ಗೆ ಬಹುಮಾನ ಕೊಟ್ಟಿತು. ಮುಂದೆ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಮಾಸಪತ್ರಿಕೆ ‘ಸದ್ಬೋಧ ಚಂದ್ರಿಕೆ’ಯಲ್ಲಿ ಅವರು ಕಂತುಕಂತಾಗಿ ಕಥೆ ಹೇಳಿದರು. ಪುಣೆಯಲ್ಲಿ ಮರಾಠಿಯ ಹರಿ ನಾರಾಯಣ ಆಪಟೆ 1890ರಲ್ಲಿ ಶುರು ಮಾಡಿದ ‘ಕರಮಣೂಕ’ ವಾರಪತ್ರಿಕೆಯಲ್ಲಿ ಇದೇ ನಡೆದಿತ್ತು. ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಗೆ ಮೂಲವೂ ಆಪಟೆಯವರದೇ. ಕೋಟೆ, ಕುದುರೆ, ಗುಪ್ತಚರರು, ಕಷ್ಟಕ್ಕೆ ಸಿಕ್ಕ ಸಾಧ್ವಿ, ಮುರಿದ ವಿಜಯನಗರ: ಇವುಗಳ ನಡುವೆ ನೀತಿಯ ಮಾತು. ಹೊತ್ತಗೆಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ಮಾಸ್ತರರನ್ನು ನಾಡು ‘ಕಾದಂಬರಿ ಪಿತಾಮಹ’ ಎಂದು ಕರೆಯಿತು. ಓದುವ ಚಟವನ್ನು ಹಚ್ಚಿದವರು ಎಂದರೂ ತಪ್ಪಿಲ್ಲ, ಪದದ ಹಳೆಯ ಅರ್ಥಕ್ಕೆ ಅದು ಒಪ್ಪುತ್ತದೆ. ತಿಂಗಳು ತಿಂಗಳು ಕಾಯಿಸಿ, ಕಾತರ ಕೆರಳಿಸಿ, ಮತ್ತೆ ಕಾಯಿಸುವ ಆ ಬಗೆ ಬಾಣನ ಕಥೆಯೊಳಗಿನ ಕಥೆಗಳಿಗೆ ಬಹಳ ದೂರದ್ದಲ್ಲ.

ಬಾಗಲಕೋಟೆಯ ವಕೀಲ ಕೆರೂರು ವಾಸುದೇವಾಚಾರ್ಯರ (1866–1921) ಕೈಯಲ್ಲಿ ಪದ ಹಿಗ್ಗಿತು. ಅವರ ‘ಇಂದಿರಾ’ (1908) ಗಂಧರ್ವಲೋಕವನ್ನೂ ಕೋಟೆಗಳನ್ನೂ ಬಿಟ್ಟು ತಮ್ಮ ಕಾಲದ ಮನೆಗಳಿಗೆ ಬಂತು. ಹೆಸರು ಮಾತ್ರ ಕಾದಂಬರಿಯೇ. ‘ಸಚಿತ್ರ ಭಾರತ’ ಪತ್ರಿಕೆ ನಡೆಸಿದ ಅವರು ಷರ್ಲಾಕ್ ಹೋಮ್ಸನ ಪತ್ತೇದಾರಿಯನ್ನೂ ಕನ್ನಡದ ನೆಲಕ್ಕೆ ಇಳಿಸಿದರು, ಚಿಕ್ಕ ಕಥೆಗಳನ್ನೂ ಬರೆದರು. ಅತ್ತ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆ ಮಂಗೇಶರಾಯರು, ಇತ್ತ ಮಾಸ್ತಿಯವರು ಕೈಹಿಡಿದ ಪ್ರಕಾರಕ್ಕೆ ‘ಸಣ್ಣ ಕತೆ’ ಎಂಬ ಹೆಸರು ನಿಂತಿತು. ಉದ್ದನೆಯದು ಕಾದಂಬರಿಯ ಪಾಲಾಯಿತು. ನಡುವಿನ ಅಳತೆಗೆ ‘ಕಿರುಕಾದಂಬರಿ’ ಹುಟ್ಟಿತು, ಅ.ನ.ಕೃ. ‘ಕಾದಂಬರಿ ಸಾರ್ವಭೌಮ’ರಾದರು. ಮದಿರೆಯ ಅರ್ಥ ಈಗ ನಿಘಂಟಿಗಷ್ಟೇ ಉಳಿದಿದೆ, ಮಗಳಿಗೆ ಕಾದಂಬರಿ ಎಂದು ಹೆಸರಿಡುವ ಮನೆಗಳು ಮಾತ್ರ ಇಂದಿಗೂ ಇವೆ.