ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್: ಅರ್ಹರು ಯಾರೆಂಬ ಚರ್ಚೆ

ರಾಕ್ ಸಂಗೀತಕ್ಕೆ ರೂಪು ಕೊಟ್ಟ ಗಾಯಕರು, ವಾದಕರು, ಗೀತರಚನಕಾರರು ಮತ್ತು ನಿರ್ಮಾಪಕರನ್ನು ಗೌರವಿಸುವ ಅಮೆರಿಕದ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಅಟ್ಲಾಂಟಿಕ್ ರೆಕಾರ್ಡ್ಸ್‌ನ ಸ್ಥಾಪಕರಲ್ಲೊಬ್ಬರಾದ ಅಹ್ಮೆತ್ ಎರ್ಟೆಗನ್ ಅವರ ಮುಂದಾಳತ್ವದಲ್ಲಿ 1983ರಲ್ಲಿ ಇದು ಆರಂಭವಾಯಿತು. ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸಗೊಳಿಸಿದ ಇದರ ವಸ್ತುಸಂಗ್ರಹಾಲಯ 1995ರ ಸೆಪ್ಟೆಂಬರ್‌ನಲ್ಲಿ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ, ಈರಿ ಸರೋವರದ ದಡದಲ್ಲಿ ತೆರೆಯಿತು. ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಮನೆಮಾತಾಗಿಸಿದ ರೇಡಿಯೊ ನಿರೂಪಕ ಅಲನ್ ಫ್ರೀಡ್ 1950ರ ದಶಕದ ಆರಂಭದಲ್ಲಿ ಕೆಲಸ ಮಾಡುತ್ತಿದ್ದುದು ಈ ಊರಿನಲ್ಲೇ.

ನಿಯಮ ಸರಳ. ಮೊದಲ ಧ್ವನಿಮುದ್ರಿಕೆ ಹೊರಬಂದು 25 ವರ್ಷ ಕಳೆದ ಕಲಾವಿದರನ್ನು ಪರಿಗಣಿಸಬಹುದು. ಚಿಕ್ಕದೊಂದು ಸಮಿತಿ ಹೆಸರುಗಳನ್ನು ಸೂಚಿಸುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಇತಿಹಾಸಕಾರರು, ಉದ್ಯಮದವರು ಮತ ಹಾಕುತ್ತಾರೆ. ಅಭಿಮಾನಿಗಳೂ ಮತ ಹಾಕಬಹುದು. ಆದರೆ ಅವರ ಲಕ್ಷಾಂತರ ಮತಗಳೆಲ್ಲ ಸೇರಿ ಒಂದೇ ಮತಪತ್ರದಷ್ಟು ತೂಗುತ್ತವೆ. 2020ರಲ್ಲಿ ಅಭಿಮಾನಿಗಳ ಮತದಲ್ಲಿ ಎಲ್ಲರಿಗಿಂತ ಮುಂದಿದ್ದ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಆಯ್ಕೆಯಾಗಲಿಲ್ಲ. ಅದರ ಸರದಿ ಬಂದದ್ದು 2024ರಲ್ಲಿ. ಯಾವುದು ಶ್ರೇಷ್ಠ, ಯಾವುದು ಪ್ರಭಾವಶಾಲಿ ಎಂದು ಅಳೆಯುವ ಕೋಲು ಮಾತ್ರ ನಿಯಮಾವಳಿಯಲ್ಲಿ ಇಲ್ಲ. ಜಗಳಗಳ ಮೂಲ ಇದೇ.

1986ರ ಮೊದಲ ಪಟ್ಟಿಯಲ್ಲಿ ಚಕ್ ಬೆರಿ, ಎಲ್ವಿಸ್ ಪ್ರೀಸ್ಲಿ, ರೇ ಚಾರ್ಲ್ಸ್, ಲಿಟಲ್ ರಿಚರ್ಡ್ ಮೊದಲಾದವರಿದ್ದರು. ಒಬ್ಬ ಹೆಂಗಸೂ ಇರಲಿಲ್ಲ. ಮರುವರ್ಷ ಅರಿಥಾ ಫ್ರಾಂಕ್ಲಿನ್ ಆ ಬಾಗಿಲು ದಾಟಿದ ಮೊದಲ ಮಹಿಳೆಯಾದರು. ಅವರಿಗಿಂತ ಎಷ್ಟೋ ಮೊದಲೇ, 1930ರ ದಶಕದ ಕೊನೆಯಿಂದಲೇ, ಸಿಸ್ಟರ್ ರೊಸೆಟಾ ಥಾರ್ಪ್ ಚರ್ಚಿನ ಭಕ್ತಿಗೀತೆಗಳನ್ನು ರಾತ್ರಿ ಕ್ಲಬ್ಬುಗಳ ವೇದಿಕೆಗೆ ತಂದಿದ್ದರು. ಮುಂದೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅವರು ಹೊಮ್ಮಿಸಿದ ನಾದವನ್ನೇ ರಾಕ್‌ನ ಗಂಡಸರು ಕೈಗೆತ್ತಿಕೊಂಡರು. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಹಾಡುವ ಹುಡುಗನೊಬ್ಬನನ್ನು ಕರೆದು ತಮ್ಮ ವೇದಿಕೆ ಹತ್ತಿಸಿದರು. ಆ ಹುಡುಗನೇ ಲಿಟಲ್ ರಿಚರ್ಡ್. ಹುಡುಗ ಮೊದಲ ಪಟ್ಟಿಯಲ್ಲೇ ಸೇರಿದ. ವೇದಿಕೆ ಕೊಟ್ಟಾಕೆ ಸೇರಿದ್ದು 2018ರಲ್ಲಿ, ಸತ್ತು ಸುಮಾರು 45 ವರ್ಷಗಳಾದ ಮೇಲೆ. ಬಿಗ್ ಮಾಮಾ ಥಾರ್ನ್‌ಟನ್ ಅವರ ಕಥೆ ಇನ್ನೂ ನೋಯಿಸುವಂಥದ್ದು. ‘ಹೌಂಡ್ ಡಾಗ್’ ಹಾಡನ್ನು ಮೊದಲು ಹಾಡಿದವರು ಅವರು, 1952ರಲ್ಲಿ. ಅದನ್ನು 1956ರಲ್ಲಿ ಮತ್ತೆ ಹಾಡಿ ಲೋಕಪ್ರಸಿದ್ಧಗೊಳಿಸಿದ ಎಲ್ವಿಸ್‌ಗೆ 1986ರಲ್ಲೂ ಬರೆದ ಲೀಬರ್ ಮತ್ತು ಸ್ಟೋಲರ್ ಜೋಡಿಗೆ 1987ರಲ್ಲೂ ಗೌರವ ಸಂದಿತು. ಆ ಹಾಡಿಗೆ ಜೀವ ತುಂಬಿದ ಕಂಠಕ್ಕೆ ಸಂದದ್ದು 2024ರಲ್ಲಿ. ಇದನ್ನು ಬರಿಯ ಮರೆವು ಎನ್ನುವುದು ಕಷ್ಟ.

ಹಿಂದೆ ಆಯ್ಕೆಯಾದವರೂ ಮತದಾರರಾಗಿರುವುದರಿಂದ ಹಳೆಯ ಒಲವೇ ಹೊಸ ಪಟ್ಟಿಗೂ ಹರಿಯುತ್ತದೆ. ಗಾಯಕಿ ಕೋರ್ಟ್ನಿ ಲವ್ 2023ರ ಮಾರ್ಚ್‌ನಲ್ಲಿ ಗಾರ್ಡಿಯನ್ ಪತ್ರಿಕೆಗೆ ಬರೆದ ಲೇಖನದಲ್ಲಿ, ಆಯ್ಕೆಯಾದವರಲ್ಲಿ ಹೆಂಗಸರು ಹತ್ತರಲ್ಲಿ ಒಂದು ಪಾಲೂ ಇಲ್ಲವೆಂದು ಲೆಕ್ಕ ಸಮೇತ ಆಕ್ಷೇಪಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸ್ಥಾಪಕರಲ್ಲೊಬ್ಬರಾದ ಜಾನ್ ವೆನರ್ ತಮ್ಮ ಸಂದರ್ಶನಗಳ ಪುಸ್ತಕದಲ್ಲಿ ಕರಿಯ ಮತ್ತು ಮಹಿಳಾ ಸಂಗೀತಗಾರರು ಏಕಿಲ್ಲ ಎಂಬುದಕ್ಕೆ ಕೊಟ್ಟ ಸಮರ್ಥನೆ ಗದ್ದಲವೆಬ್ಬಿಸಿತು. ಹಾಲ್ ಆಫ್ ಫೇಮ್ ಪ್ರತಿಷ್ಠಾನದ ಆಡಳಿತ ಮಂಡಳಿ ಅವರನ್ನು ಕೈಬಿಟ್ಟಿತು.

ಇನ್ನೊಂದು ತಕರಾರು ‘ರಾಕ್’ ಎಂಬ ಪದದ ಎಲ್ಲೆಯದು. 2007ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದೊಂದಿಗೆ ಹಿಪ್‌ಹಾಪ್ ಒಳಬಂತು. ರ‍್ಯಾಪ್ ತಂಡಗಳಿಗೆ ಇಲ್ಲಿ ಜಾಗವಿಲ್ಲ ಎಂದು ಕಿಸ್ ತಂಡದ ಜೀನ್ ಸಿಮನ್ಸ್ ವಾದಿಸಿದರೆ, 2016ರಲ್ಲಿ ಎನ್.ಡಬ್ಲ್ಯು.ಎ. ತಂಡ ಗೌರವ ಪಡೆದಾಗ ಅದೇ ತಂಡದ ಐಸ್ ಕ್ಯೂಬ್, ರಾಕ್ ಎಂದರೆ ವಾದ್ಯವಲ್ಲ, ಶೈಲಿಯೂ ಅಲ್ಲ, ಅದೊಂದು ಮನೋಧರ್ಮ ಎಂಬ ಅರ್ಥದಲ್ಲಿ ಉತ್ತರಿಸಿದರು. ಚರ್ಚಿನ ಹಾಡು, ಬ್ಲೂಸ್, ಕಂಟ್ರಿ ಎಲ್ಲ ಬೆರೆತು ಹುಟ್ಟಿದ ಸಂಗೀತದಲ್ಲಿ ಶುದ್ಧ ರಕ್ತ ಹುಡುಕುವುದಕ್ಕಿಂತ ಈ ಮಾತೇ ಚರಿತ್ರೆಗೆ ಹತ್ತಿರ. ಕಂಟ್ರಿ ಗಾಯಕಿ ಡಾಲಿ ಪಾರ್ಟನ್ 2022ರಲ್ಲಿ ತಾವು ಈ ಗೌರವ ಗಳಿಸಿಲ್ಲವೆಂದು ಹಿಂದೆ ಸರಿಯಲು ನೋಡಿದರು. ಮತದಾರರು ಆರಿಸಿದ ಮೇಲೆ ಒಪ್ಪಿಕೊಂಡು, ಮರುವರ್ಷ ರಾಕ್ ಆಲ್ಬಂ ಒಂದನ್ನೇ ತಂದರು.

ಹೆವಿ ಮೆಟಲ್ ಮತ್ತು ಪ್ರೊಗ್ರೆಸಿವ್ ರಾಕ್ ಅಭಿಮಾನಿಗಳ ಕೊರಗು ಹಳೆಯದು. ರಷ್ 2013ರವರೆಗೆ, ಕಿಸ್ 2014ರವರೆಗೆ, ಡೀಪ್ ಪರ್ಪಲ್ 2016ರವರೆಗೆ ಕಾಯಬೇಕಾಯಿತು. 1980ರಲ್ಲಿ ಮೊದಲ ಆಲ್ಬಂ ತಂದ ಐರನ್ ಮೇಡನ್ ಹೆಸರು 2021 ಮತ್ತು 2023ರಲ್ಲಿ ಮತಕ್ಕೆ ಬಂದು ಎರಡು ಸಲವೂ ಬಿದ್ದುಹೋಯಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡವನ್ನು ಕೇಳಲು ನೆರೆದವರಿಗೆ ಆ ಫಲಿತಾಂಶ ಒಪ್ಪಿಗೆಯಾಗಿರಲಾರದು.

ಮತದಲ್ಲಿ ಗೆಲ್ಲದವರನ್ನು ‘ಸಂಗೀತದ ಪ್ರಭಾವ’, ‘ಸಂಗೀತದ ಶ್ರೇಷ್ಠತೆ’ ಎಂಬ ವಿಭಾಗಗಳಲ್ಲಿ ಸಮಿತಿಯೇ ಸೇರಿಸಿಕೊಳ್ಳುವುದುಂಟು. ಥಾರ್ನ್‌ಟನ್, ಜೂಡಾಸ್ ಪ್ರೀಸ್ಟ್ ಬಂದದ್ದು ಹೀಗೆ. ಶಿಕ್ ತಂಡ 11 ಸಲ ನಾಮನಿರ್ದೇಶನಗೊಂಡೂ ಗೆಲ್ಲದಾಗ, 2017ರಲ್ಲಿ ಅದರ ನೈಲ್ ರಾಜರ್ಸ್ ಒಬ್ಬರನ್ನೇ ಒಳಗೆ ಕರೆಯಲಾಯಿತು. ಆಯ್ಕೆಯಾದರೂ ಒಲ್ಲೆ ಎಂದವರೂ ಇದ್ದಾರೆ. ಸೆಕ್ಸ್ ಪಿಸ್ಟಲ್ಸ್ ತಂಡ 2006ರಲ್ಲಿ ಬರಲು ನಿರಾಕರಿಸಿತು. 1960ರ ದಶಕದ ಅಸಂಖ್ಯ ಜನಪ್ರಿಯ ಹಾಡುಗಳಿಗೆ ಸ್ಟುಡಿಯೊದಲ್ಲಿ ಬಾಸ್ ಗಿಟಾರ್ ನುಡಿಸಿದ ಕ್ಯಾರಲ್ ಕೇ ಅವರನ್ನು 2025ರಲ್ಲಿ ಆರಿಸಿದಾಗ ಅವರೂ ಸಮಾರಂಭಕ್ಕೆ ಬರುವುದಿಲ್ಲ ಎಂದರು. ಸ್ಟುಡಿಯೊ ವಾದಕರು ಮಾಡಿದ ಕೆಲಸವನ್ನು ಅಂಥ ಸಮಾರಂಭ ಬಿಂಬಿಸುವುದಿಲ್ಲ ಎಂಬುದು ಅವರ ಕಾರಣವಾಗಿತ್ತು.