ಹಳೇ ಮೈಕ್ ಕೆಟ್ಟಿದೆಯಾ? ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

ದೇವಸ್ಥಾನದ ಸ್ಟೋರ್ ರೂಮು, ಭಜನಾ ಮಂಡಳಿಯ ಪೆಟ್ಟಿಗೆ, ಸೌಂಡ್ಸ್ ಅಂಗಡಿಯ ಅಟ್ಟ. ಹಳೇ ಕಾಲದ ಭಾರದ ಮೈಕ್‌ಗಳು ಇಂಥ ಕಡೆ ಇನ್ನೂ ಸಿಗುತ್ತವೆ. ಹಬ್ಬ, ಜಾತ್ರೆ ಹತ್ತಿರ ಬಂದಾಗ ಹೊರಗೆ ತೆಗೆದು ನೋಡಿದರೆ ಸೌಂಡೇ ಇಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಡೈನಾಮಿಕ್ ಮೈಕ್‌ಗಳು. ಪೂರ್ತಿ ಸತ್ತಂತೆ ಕಂಡರೂ ತೊಂದರೆ ಸಣ್ಣದಿರುವ ಸಾಧ್ಯತೆ ಜಾಸ್ತಿ.

ಒಳಗೆ ಏನಿದೆ?

ತೆಳುವಾದ ಡಯಾಫ್ರಮ್, ಅದಕ್ಕೆ ಅಂಟಿದ ಕೂದಲಿಗಿಂತ ಸಣ್ಣ ತಂತಿಯ ಕಾಯಿಲ್, ಸುತ್ತ ಒಂದು ಅಯಸ್ಕಾಂತ. ದನಿಗೆ ಡಯಾಫ್ರಮ್ ಅಲುಗಾಡಿದಾಗ ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದಕ್ಕೇ ಇದಕ್ಕೆ ಬ್ಯಾಟರಿ ಬೇಡ. ಈ ಭಾಗಕ್ಕೆ ಕ್ಯಾಪ್ಸೂಲ್ ಅಂತಾರೆ. ಅನೇಕ ಹಳೇ ಮೈಕ್‌ಗಳಲ್ಲಿ ಇದರ ಜೊತೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂಡ ಇರುತ್ತದೆ.

ಮೊದಲು ಮನೆಯಲ್ಲೇ ನೋಡಿ

1. ಕೇಬಲ್ ಬದಲಿಸಿ. ಕೇಬಲ್ ಅಲುಗಾಡಿಸಿದಾಗ ಸೌಂಡ್ ಬಂದು ಹೋದರೆ ತಪ್ಪು ಕೇಬಲ್ ಅಥವಾ ಪಿನ್‌ನದ್ದು, ಮೈಕ್‌ನದ್ದಲ್ಲ.

2. ಆನ್-ಆಫ್ ಸ್ವಿಚ್ ಹತ್ತಿಪ್ಪತ್ತು ಸಲ ಆಡಿಸಿ. ವರ್ಷಗಟ್ಟಲೆ ಕೂತ ಸ್ವಿಚ್‌ನಲ್ಲಿ ಕಿಲುಬು ಹಿಡಿದಿರುತ್ತದೆ.

3. ಸೌಂಡ್ ಮಂಕಾಗಿದ್ದರೆ ಜಾಲರಿ ಬಿಚ್ಚಿ. ಒಳಗಿನ ಫೋಮ್ ಹಳೆಯದಾದರೆ ಪುಡಿಯಾಗಿ ಡಯಾಫ್ರಮ್ ಮೇಲೆ ಕೂರುತ್ತದೆ. ಜಾಲರಿಯನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಡಯಾಫ್ರಮ್‌ಗೆ ಬೆರಳು, ನೀರು, ಗಾಳಿ ಹೊಡೆಯುವ ಮಷೀನು ಯಾವುದೂ ತಾಗಬಾರದು.

4. ಮೈಕ್ ಬಿಚ್ಚುವ ಜಾಗದಲ್ಲಿ ಕಬ್ಬಿಣದ ಪುಡಿ ಇರಕೂಡದು. ಅಯಸ್ಕಾಂತ ಅದನ್ನು ಎಳೆದುಕೊಂಡರೆ ತೆಗೆಯುವುದು ಕಷ್ಟ.

ಮೆಕ್ಯಾನಿಕ್ ಏನು ಮಾಡಬೇಕು?

ಕ್ಯಾಪ್ಸೂಲ್‌ನ ಎರಡು ತಂತಿಗೆ ಮಲ್ಟಿಮೀಟರ್ ಇಟ್ಟಾಗ ಓಮ್ ತೋರಿಸಿ, ಸಣ್ಣಗೆ 'ಟಿಕ್' ಅಂದರೆ ಕಾಯಿಲ್ ಜೀವಂತ ಇದೆ ಅಂತ ಅರ್ಥ. ಓಪನ್ ತೋರಿಸಿದರೆ ತಂತಿ ತುಂಡಾಗಿದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಟ್ರಾನ್ಸ್‌ಫಾರ್ಮರ್ ಇರುವ ಮೈಕ್‌ನಲ್ಲಿ ಹೊರಗಿನ ಪಿನ್‌ಗೆ ಮೀಟರ್ ಇಟ್ಟರೆ ಗೊತ್ತಾಗುವುದು ಟ್ರಾನ್ಸ್‌ಫಾರ್ಮರ್ ಸ್ಥಿತಿ ಅಷ್ಟೇ. ಕ್ಯಾಪ್ಸೂಲನ್ನು ಬೇರೆಯಾಗೇ ನೋಡಬೇಕು. ರಿಬ್ಬನ್ ಮೈಕ್ ಆದರೆ ಮೀಟರ್ ಇಡಲೇಬಾರದು, ರಿಬ್ಬನ್ ಹಾಳಾಗಬಹುದು.

ಬಿಟ್ಟ ಸೋಲ್ಡರ್, ಕೆಟ್ಟ ಸ್ವಿಚ್, ಪಿನ್, ಇವನ್ನು ಊರಿನ ರೇಡಿಯೋ-ಟಿವಿ ರಿಪೇರಿಯವರೇ ಸರಿ ಮಾಡಬಲ್ಲರು. ಕಾಯಿಲ್ ತುಂಡಾಗಿದ್ದರೆ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಆಗ ಕ್ಯಾಪ್ಸೂಲೇ ಬದಲಿಸಬೇಕು.

ಬಿಡಿಭಾಗ ಎಲ್ಲಿ?

1940ರಲ್ಲಿ ಶುರುವಾದ ಅಹುಜಾ ಕಂಪನಿಯ ಮೈಕ್ ಆದರೆ ಮಾಡೆಲ್ ನಂಬರ್ ಬರೆದುಕೊಂಡು ಮೊದಲು ಅದರ ಡೀಲರ್ ಹತ್ತಿರ ಕೇಳಿ. ಶ್ಯೂರ್ ಕಂಪನಿಯಲ್ಲಿ 1966ರಲ್ಲಿ ಬಂದ ಎಸ್‌ಎಂ58ಗೆ ಆರ್59, 1965ರ ಎಸ್‌ಎಂ57ಗೆ ಆರ್57 ಅನ್ನುವ ಕ್ಯಾಪ್ಸೂಲ್ ಇದೆ. ಎಸ್‌ಎಂ58ರ ನಕಲಿ ಮಾರುಕಟ್ಟೆಯಲ್ಲಿ ತುಂಬಾ ಇದೆ, ಬಿಲ್ ಕೇಳಿ ತಗೊಳ್ಳಿ. ಬೆಂಗಳೂರಿಗೆ ಹೋಗುವವರು ಎಸ್‌.ಪಿ. ರೋಡ್‌ನಲ್ಲಿ ವಿಚಾರಿಸಬಹುದು. ಕೆಟ್ಟ ಮೈಕನ್ನೇ ಜೊತೆಗೆ ಒಯ್ದರೆ ಅಳತೆ ತಪ್ಪುವುದಿಲ್ಲ.

ರಿಪೇರಿಗೆ ಕೊಡುವಾಗ

ಬಿಚ್ಚುವ ಮೊದಲು ಒಳಗೂ ಹೊರಗೂ ಫೋಟೋ ತೆಗೆಸಿ. ಖರ್ಚು ಎಷ್ಟು ಅಂತ ಮೊದಲೇ ಕೇಳಿ. ಮುಖ್ಯವಾಗಿ, ತೆಗೆದ ಹಳೇ ಕ್ಯಾಪ್ಸೂಲ್ ವಾಪಸ್ ಇಸ್ಕೊಳ್ಳಿ. 1939ರಲ್ಲಿ ಬಂದ ಶ್ಯೂರ್ 55 ಯೂನಿಡೈನ್ ಥರದ ಮೈಕ್‌ಗೆ ಸಂಗ್ರಹಕಾರರಲ್ಲಿ ಬೇಡಿಕೆ ಇದೆ. ಒಳಗಿನ ಒರಿಜಿನಲ್ ಹೋದರೆ ಬೆಲೆಯೂ ಹೋಯಿತು, ಹಳೇ ದನಿಯೂ ಹೋಯಿತು.

ಶಾಕ್ ಹೊಡೆದರೆ ನಿಲ್ಲಿಸಿ

ಮೈಕ್ ತುಟಿಗೆ ತಾಗಿದಾಗ ಜುಮ್ ಅಂದರೆ ಅದು ಮೈಕ್ ದೋಷ ಅಂತ ಬಿಡಬೇಡಿ. ಡೈನಾಮಿಕ್ ಮೈಕ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟೇ ಇರುವುದಿಲ್ಲ. ಅದು ಬರುವುದು ಆಂಪ್ಲಿಫೈಯರ್ ಅಥವಾ ವೈರಿಂಗ್‌ನಿಂದ. ಅರ್ಥಿಂಗ್ ಇಲ್ಲದ ಕಡೆ, ಅದರಲ್ಲೂ ಮಳೆಗಾಲದ ಒದ್ದೆ ನೆಲದಲ್ಲಿ, ಇದು ಪ್ರಾಣಕ್ಕೇ ಕುತ್ತು. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಲ್ಲಿವರೆಗೆ ಯಾರೂ ಆ ಮೈಕ್ ಹಿಡಿಯಬಾರದು.