ವಾರಾನ್ನವೂ ವಿದ್ಯಾರ್ಥಿನಿಲಯವೂ: ಅಂತರಸಂತೆಯ ಹಾಡಿಗಳಲ್ಲಿ ಅಂತರಜಾಲದ ಪ್ರಶ್ನೆ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮೇಲೆ ಮಾನಂತವಾಡಿಗೆ ಸಾಗುವ ರಸ್ತೆಯು ನಾಗರಹೊಳೆಯ ಅರಣ್ಯವನ್ನು ಹೊಗುವುದಕ್ಕೆ ಮುನ್ನ ಸಿಕ್ಕುವ ಹೋಬಳಿಯೂರು ಅಂತರಸಂತೆ. ಇದರ ಸುತ್ತಣ ಹಾಡಿಗಳಲ್ಲಿ ನೆಲೆಸಿರುವ ಜೇನುಕುರುಬ, ಬೆಟ್ಟಕುರುಬ, ಎರವ ಕುಟುಂಬಗಳಲ್ಲಿ ಹಲವಕ್ಕೆ ಕೊಡಗಿನ ಕಾಫಿ ತೋಟದ ಕೂಲಿಯೇ ಜೀವನಾಧಾರ. ಮನೆಗೆಲ್ಲ ಒಂದೇ ಮೊಬೈಲಿರುವಲ್ಲಿ ಅದು ಮುಂಜಾನೆ ತಂದೆಯ ಜೇಬಿನಲ್ಲಿ ತೋಟಕ್ಕೆ ಹೊರಟು, ಮಗಳು ಓದಲು ಕೂರುವ ಹೊತ್ತಿಗೆ ಚಾರ್ಜು ಇಳಿದು ಮರಳುತ್ತದೆ. 28 ದಿನಗಳ ರೀಚಾರ್ಜಾದರೆ ವರ್ಷದ 12 ತಿಂಗಳಿಗೆ 13 ಸಲ ಹಣ ಹೊಂದಿಸಬೇಕು; ಮಳೆಗಾಲದಲ್ಲಿ ಕೂಲಿ ತಪ್ಪಿದರೆ ಮೊದಲು ನಿಲ್ಲುವುದೂ ಅದೇ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಭಾರತದ ಗ್ರಾಮೀಣ ಕುಟುಂಬಗಳ ಪೈಕಿ ಅಂತರಜಾಲ ಸೌಲಭ್ಯವಿದ್ದವು ಶೇ. 14.9 ಮಾತ್ರ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕ ಸರ್ಕಾರದ ವಿದ್ಯಾಗಮ ಯೋಜನೆಯು ಮಕ್ಕಳನ್ನು ಮೊಬೈಲೇ ಇಲ್ಲದವರು, ಸಾದಾ ಮೊಬೈಲಿನವರು, ಅಂತರಜಾಲಸಹಿತ ಸ್ಮಾರ್ಟ್‌ಫೋನಿನವರು ಎಂದು ಮೂರಾಗಿ ವಿಂಗಡಿಸಿತು. ಒಂದೇ ಬೆಂಚಿನ ಮಕ್ಕಳನ್ನು ಮನೆಯ ಯಂತ್ರಕ್ಕೆ ತಕ್ಕಂತೆ ಬೇರ್ಪಡಿಸಬೇಕಾಗಿ ಬಂದ ಆ ಸ್ಥಿತಿಯನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

ಓದಿಗೆ ಬಡತನ ಅಡ್ಡಬರುವುದು ಹೊಸತಲ್ಲ. ಹಿಂದಿನ ಮೈಸೂರಿನಲ್ಲಿ ಬಡ ವಿದ್ಯಾರ್ಥಿಯು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದರಂತೆ ಉಂಡು ಓದುತ್ತಿದ್ದ ವಾರಾನ್ನದ ಪದ್ಧತಿಯು ನಾಡಿಗೆ ಅನೇಕ ವಿದ್ವಾಂಸರನ್ನು ಕೊಟ್ಟಿತೆಂಬುದು ನಿಜವಾದರೂ, ಅದು ಗೃಹಸ್ಥರ ದಯೆಯನ್ನೇ ನೆಮ್ಮಿದ್ದಿತು. ಜಾತಿಯ ಹೊಸ್ತಿಲನ್ನು ಬಹುಮಟ್ಟಿಗೆ ದಾಟಲಿಲ್ಲ. 1941ರಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದಂತಹ ಕಾರ್ಯಗಳಿಂದ, ದಿನದಿನವೂ ಬೇಡಬೇಕಾದ ಅನ್ನವು ಒಂದು ನೆಲೆಯಲ್ಲಿ ಸಿಕ್ಕುವಂತಾಯಿತು. ಬಡ ಮಗುವಿನ ಮನೆಯ ಮೊಬೈಲಿಗೆ ಮೇಷ್ಟರೊಬ್ಬರು ತಮ್ಮ ಕೈಯಿಂದ ಹಣ ಹಾಕಿ ಮಾಡಿಸುವ ರೀಚಾರ್ಜು ಈ ಕಾಲದ ವಾರಾನ್ನ. ಅದಕ್ಕೆ ನಾನು ತಲೆಬಾಗುತ್ತೇನೆ; ಆದರೆ ಅದನ್ನು ವ್ಯವಸ್ಥೆಯೆಂದು ಕರೆಯಲಾರೆ.

2019ರ ಸೆಪ್ಟೆಂಬರಿನಲ್ಲಿ ಕೇರಳ ಉಚ್ಚ ನ್ಯಾಯಾಲಯವು, ಸಂಜೆ 6ರಿಂದ 10ರವರೆಗೆ ಮೊಬೈಲು ನಿಷೇಧಿಸಿದ್ದ ವಿದ್ಯಾರ್ಥಿನಿಲಯವೊಂದರ ಮೊಕದ್ದಮೆಯಲ್ಲಿ, ಅಂತರಜಾಲವನ್ನು ಪಡೆಯುವುದು ಶಿಕ್ಷಣದ ಹಕ್ಕಿನ ಅಂಗವೆಂದು ಸಾರಿತು. ಆ ಸಂಜೆಯ ಗಂಟೆಗಳೇ ನಮ್ಮ ಹಾಡಿಗಳಲ್ಲಿಯೂ ಓದಿನ ಗಂಟೆಗಳು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿದುದು ಸ್ತುತ್ಯವೇ. ಆದರೆ ಆನೆ ನಡೆದಾಡುವ ಕಾಡಂಚಿನಲ್ಲಿ, ಹೊತ್ತು ಮುಳುಗಿದ ಮೇಲೆ ಮಗುವನ್ನು ಪಂಚಾಯತಿಯ ಊರಿಗೆ ಯಾವ ತಾಯಿ ಕಳುಹಿಸಿಯಾಳು? ಆದಕಾರಣ ಪಂಚಾಯತಿ ಕಚೇರಿಯವರೆಗೆ ಬರುವ ಅಂತರಜಾಲದ ತಂತಿಯನ್ನು ಹಾಡಿಗೆ ಹತ್ತಿರದ ಆಶ್ರಮಶಾಲೆಯ ಒಂದು ಕೋಣೆಯವರೆಗೆ ಎಳೆದು, ಅಲ್ಲಿ ನಾಲ್ಕು ಗಣಕಯಂತ್ರಗಳನ್ನಿರಿಸಿ, ರಾತ್ರಿ 9ರವರೆಗೆ ಬಾಗಿಲು ತೆರೆದಿಡುವ, ಹಾಡಿಯವರೇ ಆದ ಒಬ್ಬ ಸಂಬಳದ ಮೇಲ್ವಿಚಾರಕಿಯನ್ನು ನೇಮಿಸಬೇಕು.